ಇಳಿಯುವಾಗ ಮಾತ್ರ ಕೆಮ್ಮುವ ರೋಟರಿ ಇಂಜಿನ್: ಕಳ್ಳಗಾಳಿ ಎಲ್ಲಿಂದ ನುಗ್ಗುತ್ತಿದೆ?

ಪ್ರಶ್ನೆ: ನಾನು ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ. ಆರು ವರ್ಷದ ರಜಾದಿನಗಳನ್ನೆಲ್ಲ ಸುರಿದು ಮನೆಯ ಗ್ಯಾರೇಜಿನಲ್ಲಿ ಎರಡು ಸೀಟಿನ ವಿಮಾನ ಕಟ್ಟಿದ್ದೇನೆ. ಇಂಜಿನ್ ಮಾಜ್ದಾ 13ಬಿ (ಪಿಸ್ಟನ್ ಬದಲು ಮೂರು ಮುಖದ ಎರಡು ರೋಟರ್ ತಿರುಗುವ ರೋಟರಿ ಇಂಜಿನ್), ಟರ್ಬೊ ಇಲ್ಲ, 2.85ಕ್ಕೆ 1ರ ಗೇರ್‌ಬಾಕ್ಸ್. ಇನ್‌ಟೇಕ್ ಮ್ಯಾನಿಫೋಲ್ಡನ್ನು (ಇಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳ ಜೋಡಣೆ) ನಾನೇ ಅಲ್ಯುಮಿನಿಯಂನಲ್ಲಿ ವೆಲ್ಡ್ ಮಾಡಿದ್ದೇನೆ: ಒಂದು ಥ್ರಾಟಲ್ ಬಾಡಿ, ಅದರ ಕೆಳಗೆ ಗಾಳಿ ಸೇರುವ ಒಂದು ಡಬ್ಬಿ (ಪ್ಲೀನಮ್), ಅಲ್ಲಿಂದ ನಾಲ್ಕು ಕೊಳವೆ. ಇಸಿಯು (ಇಂಜಿನ್ ಕಂಪ್ಯೂಟರ್) ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡಿನ ಒತ್ತಡ ಅಳೆಯುವುದು) ನೋಡಿಕೊಂಡು ಪೆಟ್ರೋಲ್ ಹಾಕುತ್ತದೆ. ರೋಟರಿನ ಸೀಲುಗಳಿಗೆ ಆಯಿಲ್ ಹಾಕುವ ಆಯಿಲ್ ಮೀಟರಿಂಗ್ ಪಂಪ್ ತೆಗೆದಿದ್ದೇನೆ, ಟೂ-ಸ್ಟ್ರೋಕ್ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತೇನೆ. ತಣ್ಣಗಿದ್ದಾಗ ಎಲ್ಲ ಚೆನ್ನಾಗಿದೆ. ಬಿಸಿಯಾದ ಮೇಲೆ ಐಡಲ್ (ಥ್ರಾಟಲ್ ಮುಚ್ಚಿದಾಗಿನ ವೇಗ) 1,800ರಿಂದ 2,100ಕ್ಕೆ ಏರಿ ಕೂರುತ್ತದೆ, ಐಡಲ್ ಸ್ಕ್ರೂ ಪೂರ್ತಿ ಬಿಚ್ಚಿದರೂ ಇಳಿಯುವುದಿಲ್ಲ, ಇಂಜಿನ್ ನಡುಗುತ್ತದೆ. ಹಿಂದಿನ ರೋಟರಿನ ಇಜಿಟಿ (ಎಕ್ಸಾಸ್ಟ್ ಹೊಗೆಯ ಬಿಸಿ) ಮುಂದಿನದಕ್ಕಿಂತ ಸುಮಾರು 80 ಡಿಗ್ರಿ ಕಡಿಮೆ. 6,000 ಆರ್‌ಪಿಎಂನಲ್ಲಿ ಎರಡೂ ಒಂದೇ. ಐಡಲ್ ಜಾಗದಲ್ಲಿ ಪೆಟ್ರೋಲ್ ಹೆಚ್ಚಿಸಿದೆ, ತಕ್ಕಮಟ್ಟಿಗೆ ಸರಿಹೋಯಿತು. ಆದರೆ ಕಳೆದ ವಾರ ಇಳಿಯಲು ಥ್ರಾಟಲ್ ಪೂರ್ತಿ ಎಳೆದಾಗ (ವಿಮಾನದಲ್ಲಿ ಎಳೆದರೆ ಮುಚ್ಚುತ್ತದೆ, ಒತ್ತಿದರೆ ತೆರೆಯುತ್ತದೆ) ಎರಡು ಸಲ ಕೆಮ್ಮಿ ನಿಂತೇ ಹೋಗುವಂತಾಯಿತು. ಬೇಗ ಹೊತ್ತಿಕೊಳ್ಳುವ ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ, ಎಲ್ಲಿ ಹೊಡೆದಾಗ ಇಂಜಿನ್ ವೇಗ ಬದಲಾಗುತ್ತದೆಂದು ನೋಡಿ ಲೀಕ್ ಹುಡುಕಲೇ?

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಬರುತ್ತೇನೆ. ಬೇಡ. ದಯವಿಟ್ಟು ಬೇಡ. 13ಬಿಯಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಇಂಜಿನ್ನಿನ ಒಂದೇ ಪಕ್ಕದಲ್ಲಿವೆ. ನೀವು ಸ್ಪ್ರೇ ಹೊಡೆಯಬೇಕಾದ ಗ್ಯಾಸ್ಕೆಟ್ಟಿನಿಂದ ಒಂದು ಗೇಣು ದೂರದಲ್ಲಿ ಕೆಂಪಗೆ ಕಾದ ಎಕ್ಸಾಸ್ಟ್ ಪೈಪಿರುತ್ತದೆ, ಎದುರಿಗೆ ಪ್ರೊಪೆಲ್ಲರ್ ತಿರುಗುತ್ತಿರುತ್ತದೆ. ಕಾರಿನಲ್ಲಿ ನಡೆಯುವ ಉಪಾಯ ಇಲ್ಲಿ ಕೈ ಕಳೆದುಕೊಳ್ಳುವ ದಾರಿ. ಅಷ್ಟು ಅಪಾಯಕ್ಕೆ ಒಡ್ಡಿಕೊಂಡರೂ ಫಲವಿಲ್ಲ, ಏಕೆಂದರೆ ಪ್ರೊಪೆಲ್ಲರಿನ ಗಾಳಿ ಸ್ಪ್ರೇಯನ್ನು ನೀವು ಗುರಿಯಿಟ್ಟ ಜಾಗಕ್ಕೆ ಹೋಗಲು ಬಿಡುವುದಿಲ್ಲ. ಉರಿಸದ ಪ್ರೊಪೇನ್ ಗ್ಯಾಸ್ ಬಿಡುವ ಉಪಾಯಕ್ಕೂ ಇದೇ ಮಾತು. ನಿಮ್ಮ ಲೀಕ್ ಇಂಜಿನ್ ನಿಂತಿರುವಾಗಲೇ ಸಿಗುತ್ತದೆ. ಅದು ಸಿಗುವ ತನಕ ವಿಮಾನ ಹ್ಯಾಂಗರಿನಲ್ಲೇ ಇರಲಿ.

ಎರಡನೆಯದು, ಐಡಲ್ ಜಾಗಕ್ಕೆ ನೀವು ಸೇರಿಸಿದ ಪೆಟ್ರೋಲನ್ನು ಇಸಿಯುವಿನ ಟೇಬಲ್ಲಿನಿಂದ (ಯಾವ ಆರ್‌ಪಿಎಂ, ಯಾವ ಒತ್ತಡಕ್ಕೆ ಎಷ್ಟು ಪೆಟ್ರೋಲ್ ಎಂದು ಮನೆ ಮನೆಯಾಗಿ ಬರೆದ ಪಟ್ಟಿ) ಇವತ್ತೇ ತೆಗೆದುಬಿಡಿ. ಅದು ರೋಗವನ್ನು ಮುಚ್ಚಿತೇ ಹೊರತು ಕಳೆಯಲಿಲ್ಲ. ಕಳೆದ ವಾರ ಆಕಾಶದಲ್ಲಿ ನಿಮಗೆ ಆದ ಅನುಭವದ ಬೇರು ಅಲ್ಲೇ ಇದೆ.

ಊರಲ್ಲಿ ಟೂ-ಸ್ಟ್ರೋಕ್ ಬೈಕು ಓಡಿಸಿದವರಿಗೆ ಈ ಲಕ್ಷಣ ಗೊತ್ತು. ಕಾರ್ಬ್ಯುರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರ್ ಜಾಯಿಂಟ್ ಬಿರುಕು ಬಿಟ್ಟರೆ ಬೈಕು ಸ್ಟ್ಯಾಂಡ್ ಮೇಲೆ ತಾನಾಗಿಯೇ ರೇಸ್ ಆಗುತ್ತದೆ. ಮೆಕ್ಯಾನಿಕ್ ಶಬ್ದ ಕೇಳಿಯೇ "ಏರ್ ಎಳೀತಿದೆ" ಅನ್ನುತ್ತಾನೆ. ಥ್ರಾಟಲ್ಲಿನ ಮೂಲಕ ಬಾರದೆ ಹಿತ್ತಲ ಬಾಗಿಲಿನಿಂದ ಒಳಹೊಕ್ಕ ಗಾಳಿ ಅದು. ನಾನು ಅದಕ್ಕೆ ಕಳ್ಳಗಾಳಿ ಅನ್ನುತ್ತೇನೆ. ನಿಮ್ಮ ಇಂಜಿನ್ನಿನಲ್ಲಿ ನಡೆಯುತ್ತಿರುವುದೂ ಅದೇ. ವ್ಯತ್ಯಾಸ ಒಂದೇ: ನಿಮ್ಮಲ್ಲಿ ಮ್ಯಾಪ್ ಸೆನ್ಸರ್ ಇದೆ. ಹಾಗಾಗಿ ಕಳ್ಳ ಯಾವ ಬಾಗಿಲಿನಿಂದ ಬಂದ ಎಂಬುದರ ಮೇಲೆ ಲಕ್ಷಣವೇ ಬದಲಾಗುತ್ತದೆ. ಇದನ್ನು ಚೆನ್ನಾಗಿ ತಿಳಿದುಕೊಂಡರೆ ಅರ್ಧ ಹುಡುಕಾಟ ಕುರ್ಚಿಯಲ್ಲಿ ಕೂತೇ ಮುಗಿಯುತ್ತದೆ.

ಮ್ಯಾಪ್ ಸೆನ್ಸರ್ ಅಳೆಯುವುದು ಪ್ಲೀನಮ್ಮಿನ ಒತ್ತಡವನ್ನು. ಗಾಳಿ ಎಲ್ಲಿಂದ ಬಂತೆಂದು ಅದಕ್ಕೆ ಗೊತ್ತಿಲ್ಲ. ಪ್ಲೀನಮ್ಮಿನಲ್ಲೇ ತೂತಿದ್ದರೆ ಅಲ್ಲಿ ಒತ್ತಡ ಏರುತ್ತದೆ, ಇಸಿಯು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಹಾಕುತ್ತದೆ. ಮಿಶ್ರಣ ಕೆಡುವುದಿಲ್ಲ, ಐಡಲ್ ಮಾತ್ರ ಏರುತ್ತದೆ, ಎರಡೂ ರೋಟರ್ ಸಮನಾಗಿ ಓಡುತ್ತವೆ. ಸೆನ್ಸರಿಗೆ ಹೋಗುವ ಸಣ್ಣ ಹೋಸ್ ಪೈಪೇ ಸೋರಿದರೆ ಇನ್ನೊಂದು ಕಥೆ. ಸೆನ್ಸರಿಗೆ ಹೊರಗಿನ ಗಾಳಿ ತಾಗಿ ಅದು ಹೆಚ್ಚಿನ ಒತ್ತಡ ತೋರಿಸುತ್ತದೆ, ಇಸಿಯು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಇಂಜಿನ್ ರಿಚ್ ಆಗಿ ಕಪ್ಪು ಹೊಗೆ ಬಿಡುತ್ತದೆ. ಮೂರನೆಯದು, ಒಂದು ರೋಟರಿಗೆ ಹೋಗುವ ಕೊಳವೆಯಲ್ಲೇ, ಪೋರ್ಟಿನ (ಇಂಜಿನ್ನಿನೊಳಕ್ಕೆ ಗಾಳಿ ಹೋಗುವ ಬಾಯಿಯ) ಹತ್ತಿರ, ತೂತಿದ್ದರೆ? ಆ ಗಾಳಿಯ ಬಹುಪಾಲು ಆ ರೋಟರಿಗೇ ಹೋಗುತ್ತದೆ, ಪ್ಲೀನಮ್ಮಿಗೆ ಅದರ ಸುಳಿವು ಅಷ್ಟಾಗಿ ಸಿಗುವುದಿಲ್ಲ. ಇಸಿಯು ಎರಡೂ ರೋಟರಿಗೆ ಸಮನಾಗಿ ಪೆಟ್ರೋಲ್ ಹಾಕುತ್ತದೆ, ಒಂದು ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಅದಕ್ಕೆ ಸಿಗುವುದಿಲ್ಲ. ನಿಮ್ಮದು ಈ ಮೂರನೆಯ ಬಗೆ.

ನೀವು ಗೊಂದಲಪಟ್ಟಿರಬಹುದಾದ ಜಾಗ ಇಜಿಟಿ. ಲೀನ್ ಆದರೆ ಬಿಸಿ ಹೆಚ್ಚಬೇಕಲ್ಲ, ಇಲ್ಲಿ ಕಡಿಮೆಯಾಗಿದೆಯಲ್ಲ ಎಂದು ಹಲವರು ಮುಂದಿನ ರೋಟರನ್ನೇ ಅನುಮಾನಿಸುತ್ತಾರೆ. ಐಡಲ್‌ನಲ್ಲಿ ಲೆಕ್ಕ ತಿರುವುಮುರುವು. ಆ ವೇಗದಲ್ಲಿ ರೋಟರಿ ಇಂಜಿನ್ನಿನ ಒಳಗೆ ಹಳೆಯ ಸುಟ್ಟ ಹೊಗೆ ಬಹಳ ಉಳಿದಿರುತ್ತದೆ, ಹಾಗಾಗಿ ಅದು ರಿಚ್ ಮಿಶ್ರಣವನ್ನೇ ಬಯಸುತ್ತದೆ. ಸ್ವಲ್ಪ ಲೀನ್ ಆದರೂ ಕೆಲವು ಸುತ್ತು ಹತ್ತಿಕೊಳ್ಳದೇ ಹೋಗುತ್ತವೆ. ಹತ್ತಿಕೊಳ್ಳದ ಸುತ್ತು ತಣ್ಣಗಿರುತ್ತದೆ, ಇಜಿಟಿ ಇಳಿಯುತ್ತದೆ. ನೀವು ಪೆಟ್ರೋಲ್ ಹೆಚ್ಚಿಸಿದಾಗ ನಡುಕ ತಗ್ಗಿತು ಅಂದಿದ್ದೀರಿ, ಅದೂ ಇದಕ್ಕೇ ಹೊಂದುತ್ತದೆ.

ಈಗ ಒಂದು ಲೆಕ್ಕ ಹಾಕೋಣ, ಏಕೆಂದರೆ 6,000ದಲ್ಲಿ ಎಲ್ಲ ಸರಿಯಾಗಿದೆ ಎಂಬ ನಂಬಿಕೆಯೇ ನಿಮ್ಮನ್ನು ಹಾರಲು ಬಿಟ್ಟದ್ದು. 13ಬಿಯ ಒಂದೊಂದು ರೋಟರೂ ಶಾಫ್ಟಿನ ಒಂದು ಸುತ್ತಿಗೆ 654 ಸಿಸಿ ಎಳೆಯುತ್ತದೆ, ಎರಡೂ ಸೇರಿ 1,308. 1,800 ಆರ್‌ಪಿಎಂ, ಮ್ಯಾಪ್ 45 ಕಿಲೋಪಾಸ್ಕಲ್ ಎಂದಿಟ್ಟುಕೊಂಡರೆ ಇಂಜಿನ್ನಿಗೆ ಸೆಕೆಂಡಿಗೆ ಸರಿಸುಮಾರು 14 ಗ್ರಾಂ ಗಾಳಿ ಬೇಕು, ಒಂದು ರೋಟರಿಗೆ 7. ಮ್ಯಾನಿಫೋಲ್ಡಿನಲ್ಲಿ 3 ಮಿಲಿಮೀಟರ್ ಅಗಲದ ಒಂದು ತೂತಿದ್ದರೆ ಅದರಿಂದ ಸೆಕೆಂಡಿಗೆ 1 ಗ್ರಾಮಿಗಿಂತ ತುಸು ಹೆಚ್ಚು ಗಾಳಿ ನುಗ್ಗುತ್ತದೆ. ಅಂದರೆ ಆ ಒಂದು ರೋಟರಿಗೆ ಶೇ. 15ರಷ್ಟು ಕಳ್ಳಗಾಳಿ. 13ಕ್ಕೆ 1 ಇದ್ದ ಗಾಳಿ-ಇಂಧನ ಅನುಪಾತ 15ಕ್ಕೆ ಹೋಯಿತು. ಐಡಲ್‌ನಲ್ಲಿ ರೋಟರಿ ಅದನ್ನು ತಡೆಯದು. ಅದೇ ತೂತು 6,000 ಆರ್‌ಪಿಎಂನಲ್ಲಿ, ಮ್ಯಾಪ್ 85ರ ಸುಮಾರಿನಲ್ಲಿ ಏನು ಮಾಡುತ್ತದೆ? ಒಂದು ರೋಟರ್ ಸೆಕೆಂಡಿಗೆ 55 ಗ್ರಾಂ ಎಳೆಯುವಾಗ ತೂತಿನಿಂದ ಬರುವುದು 1 ಗ್ರಾಮಿಗಿಂತಲೂ ಕಡಿಮೆ, ಶೇ. ಒಂದೂವರೆ. ಅನುಪಾತ 13ರಿಂದ 13.2. ಯಾವ ಮೀಟರಿನಲ್ಲೂ ನಿಮ್ಮ ಕಣ್ಣಿಗೆ ಬೀಳದು. ಲೀಕ್ ಹೋಗಿರುವುದಿಲ್ಲ, ದೊಡ್ಡ ಹೊಳೆಯಲ್ಲಿ ಸಣ್ಣ ಝರಿ ಕಾಣದಂತೆ ಮರೆಯಾಗಿರುತ್ತದೆ, ಅಷ್ಟೆ. ಇನ್ನೂ ಒಂದು ವಿಷಯ: 3 ಮಿಲಿಮೀಟರ್ ತೂತು ಅಂದರೆ ಕಣ್ಣಿಗೆ ಕಾಣುವಂಥ ತೂತೇ ಆಗಬೇಕಿಲ್ಲ. ಗ್ಯಾಸ್ಕೆಟ್ ಅಂಚಿನಲ್ಲಿ ಒಂದು ಕೂದಲಿನಷ್ಟು, 0.1 ಮಿಲಿಮೀಟರ್, ಸಂದು 7 ಸೆಂಟಿಮೀಟರ್ ಉದ್ದಕ್ಕೆ ತೆರೆದರೂ ಅಷ್ಟೇ ಗಾಳಿ ಬರುತ್ತದೆ.

ಹಾಗಾದರೆ ಇಳಿಯುವಾಗ ಕೆಮ್ಮಿದ್ದೇಕೆ? ನೀವು ಪೆಟ್ರೋಲ್ ಸೇರಿಸಿದ್ದು ನೆಲದ ಮೇಲೆ, 45 ಕಿಲೋಪಾಸ್ಕಲ್ ಸುತ್ತಲಿನ ಮನೆಗಳಲ್ಲಿ. ಆಕಾಶದಲ್ಲಿ ಥ್ರಾಟಲ್ ಪೂರ್ತಿ ಎಳೆದಾಗ ಪ್ರೊಪೆಲ್ಲರನ್ನು ಎದುರು ಗಾಳಿಯೇ ತಿರುಗಿಸುತ್ತಿರುತ್ತದೆ, ಆರ್‌ಪಿಎಂ ಐಡಲ್ಲಿಗಿಂತ ಬಹಳ ಮೇಲಿರುತ್ತದೆ, ಒಳಗೆ ಬರುವ ಗಾಳಿ ಮಾತ್ರ ಅಷ್ಟೇ. ಹಾಗಾಗಿ ಮ್ಯಾಪ್ ಇನ್ನೂ ಕೆಳಗೆ, 30ರ ಸುತ್ತಮುತ್ತಲಿಗೆ ಬೀಳುತ್ತದೆ. ಟೇಬಲ್ಲಿನ ಆ ಮನೆಗಳಿಗೆ ನೀವು ಕೈಯೇ ಹಚ್ಚಿಲ್ಲ. ಅಲ್ಲಿ ಹಿಂದಿನ ರೋಟರ್ ಮೊದಲಿನಷ್ಟೇ ಲೀನ್. ಸಾಲದ್ದಕ್ಕೆ ಮ್ಯಾನಿಫೋಲ್ಡಿನ ಒತ್ತಡ ಇಳಿದಷ್ಟೂ ಒಳಗೆ ಉಳಿಯುವ ಸುಟ್ಟ ಹೊಗೆಯ ಪಾಲು ಹೆಚ್ಚು. ಆ ಮನೆಗಳಿಗೂ ಪೆಟ್ರೋಲ್ ಸೇರಿಸಿದರಾಯಿತಲ್ಲ ಎನ್ನಬೇಡಿ. ಆಗ ಮುಂದಿನ ರೋಟರ್ ಅನುಪಾತ 11ರ ಹತ್ತಿರ ಹೋಗಿ ಅದರ ಪ್ಲಗ್ಗುಗಳಿಗೆ ಮಸಿ ಕಟ್ಟುತ್ತದೆ. ರನ್‌ವೇ ಮೇಲೆ ಯಾರೋ ಅಡ್ಡ ಬಂದು ನೀವು ಮತ್ತೆ ಮೇಲೇರಲು ಥ್ರಾಟಲ್ ಒತ್ತಿದಾಗ ಆ ಮಸಿ ಉತ್ತರ ಕೊಡುತ್ತದೆ. ಕಳ್ಳಗಾಳಿಯನ್ನು ಪೆಟ್ರೋಲಿನಿಂದ ಮುಚ್ಚುವುದನ್ನು ನಾನು ಖಡಾಖಂಡಿತವಾಗಿ ವಿರೋಧಿಸುವುದು ಇದಕ್ಕೇ.

ಹುಡುಕಾಟಕ್ಕೆ ಮುಂಚೆ ಒಂದು ಎಚ್ಚರಿಕೆ. ಮಾಜ್ದಾ ಪುಸ್ತಕದಲ್ಲಿ ಮುಂದಿನ ರೋಟರ್ ಅಂದರೆ ಬೆಲ್ಟ್ ಪುಲ್ಲಿಯ ಕಡೆಯದು, ಹಿಂದಿನದು ಫ್ಲೈವೀಲ್ ಕಡೆಯದು. ವಿಮಾನದಲ್ಲಿ ಗೇರ್‌ಬಾಕ್ಸ್ ಕೂರುವುದು ಫ್ಲೈವೀಲ್ ಕಡೆಗೆ, ಪ್ರೊಪೆಲ್ಲರ್ ಅದರ ಮುಂದೆ. ಅಂದರೆ ಮಾಜ್ದಾದ "ಹಿಂದಿನ" ರೋಟರ್ ವಿಮಾನದ ಮೂಗಿನ ಕಡೆಗಿದೆ. ನೀವು ಹಿಂದಿನದು ಎಂದಿರುವುದು ಇಂಜಿನ್ನಿನ ಹಿಂದೋ ವಿಮಾನದ ಹಿಂದೋ? ಇಜಿಟಿ ವೈರನ್ನು ಕೈಯಿಂದ ಹಿಡಿದು ಪೈಪಿನ ತನಕ ಹೋಗಿ ನೋಡಿ, ಟೇಪ್ ಅಂಟಿಸಿ ಗುರುತು ಮಾಡಿ. ಈ ಒಂದು ಗೊಂದಲದಿಂದ ಸರಿಯಾಗಿದ್ದ ಅರ್ಧ ಇಂಜಿನ್ ಬಿಚ್ಚಿ ವಾರಗಟ್ಟಲೆ ಕಳೆದವರನ್ನು ನಾನು ಕಂಡಿದ್ದೇನೆ.

ಲೀಕ್ ಅಲ್ಲದ್ದನ್ನು ಬೇಗ ಹೊರಗಿಡೋಣ. ಎರಡೂ ರೋಟರಿನ ಇಂಜೆಕ್ಟರುಗಳನ್ನು ಅದಲುಬದಲು ಮಾಡಿ. ತೊಂದರೆ ಇಂಜೆಕ್ಟರಿನ ಜೊತೆಗೇ ಹೋದರೆ ಅದು ಕಟ್ಟಿಕೊಂಡ ಇಂಜೆಕ್ಟರ್. ಆದರೆ ಹಾಗಿದ್ದರೆ 6,000ದಲ್ಲೂ ವ್ಯತ್ಯಾಸ ಕಾಣಬೇಕಿತ್ತು, ಆದ್ದರಿಂದ ನನಗೆ ಅದರ ಮೇಲೆ ಅನುಮಾನ ಕಡಿಮೆ. ಲೀಡಿಂಗ್ ಪ್ಲಗ್ಗಿನ (ಒಂದು ರೋಟರಿಗಿರುವ ಎರಡರಲ್ಲಿ ಮುಖ್ಯವಾದದ್ದು) ಕಿಡಿ ಸೋತರೂ ಐಡಲ್‌ನಲ್ಲಿ ಇಜಿಟಿ ಇಳಿಯಬಹುದು, ಕಾಯಿಲುಗಳನ್ನೂ ಅದಲುಬದಲು ಮಾಡಿ ನೋಡಿ. ಇಗ್ನಿಷನ್ ಆನ್ ಮಾಡಿ, ಸ್ಟಾರ್ಟ್ ಮಾಡದೆ, ಮ್ಯಾಪ್ ಓದಿ. ಅದು ನಿಮ್ಮ ವಿಮಾನನಿಲ್ದಾಣದ ನಿಜವಾದ ಒತ್ತಡಕ್ಕೆ ಸಮನಾಗಿರಬೇಕು. ಆಲ್ಟಿಮೀಟರ್ ಸೆಟ್ಟಿಂಗಿಗೆ ಹೋಲಿಸಬೇಡಿ, ಅದನ್ನು ಸಮುದ್ರಮಟ್ಟಕ್ಕೆ ತಿದ್ದಿರುತ್ತಾರೆ. ಮ್ಯಾಪ್ ಹೋಸನ್ನು ಪ್ಲೀನಮ್ ಕಡೆಯಿಂದ ಬಿಚ್ಚಿ ಕೈ ವ್ಯಾಕ್ಯೂಮ್ ಪಂಪಿನಿಂದ ಎಳೆದು ಒಂದು ನಿಮಿಷ ಬಿಡಿ, ಮುಳ್ಳು ಅಲುಗಬಾರದು. ಫ್ಯುಯಲ್ ಪ್ರೆಷರ್ ರೆಗ್ಯುಲೇಟರಿನ ಹೋಸಿಗೂ ಅದೇ ಪರೀಕ್ಷೆ. ಬಿಚ್ಚಿದಾಗ ಅದರೊಳಗೆ ಪೆಟ್ರೋಲ್ ವಾಸನೆ ಬಂದರೆ ಒಳಗಿನ ಡಯಾಫ್ರಾಮ್ ಹರಿದಿದೆ.

ಇನ್ನು ಮುಖ್ಯ ಕೆಲಸ, ಹೊಗೆ ಪರೀಕ್ಷೆ. ಥ್ರಾಟಲ್ ಬಾಯಿಗೆ ರಬ್ಬರ್ ಬಿರಡೆ ಬಿಗಿದು, ಥ್ರಾಟಲ್ ತೆರೆದಿಟ್ಟು, ಮಿನರಲ್ ಆಯಿಲ್ ಹೊಗೆಯನ್ನು ಮ್ಯಾನಿಫೋಲ್ಡಿನ ಒಂದು ನಿಪ್ಪಲ್ (ಹೋಸ್ ಸಿಗಿಸುವ ಸಣ್ಣ ಮೂತಿ) ಮೂಲಕ ಬಿಡಿ. ಒತ್ತಡ 3ರಿಂದ 7 ಕಿಲೋಪಾಸ್ಕಲ್ ಸಾಕು, ಅಂದರೆ ಅರ್ಧದಿಂದ ಒಂದು ಪಿಎಸ್‌ಐ. ಕಂಪ್ರೆಸರ್ ಗಾಳಿ ನೇರ ಬಿಡಬೇಡಿ. ಎಕ್ಸಾಸ್ಟ್ ತುದಿಗೂ ಬಟ್ಟೆ ತುರುಕಿ. ಪಿಸ್ಟನ್ ಇಂಜಿನ್ನಿನಂತೆ ಇಲ್ಲಿ ವಾಲ್ವುಗಳು ಮುಚ್ಚಿಕೊಳ್ಳುವುದಿಲ್ಲ, ಯಾವ ಹೊತ್ತಿನಲ್ಲೂ ಒಂದಲ್ಲ ಒಂದು ರೋಟರಿನ ಪೋರ್ಟು ಯಾವುದೋ ಒಂದು ಕೋಣೆಗೆ ತೆರೆದಿರುತ್ತದೆ, ರೋಟರಿನ ಸೀಲುಗಳ ಸಂದಿನಿಂದಲೂ ಹೊಗೆ ಜಾರುತ್ತದೆ. ಹಾಗಾಗಿ ಒತ್ತಡ ನಿಲ್ಲುತ್ತದೆಯೇ ಎಂದು ಮೀಟರ್ ನೋಡುತ್ತ ಕೂರಬೇಡಿ, ಅದು ನಿಲ್ಲುವುದಿಲ್ಲ. ಹೊಗೆ ಎಲ್ಲಿ ಎಳೆಯಾಗಿ ಏಳುತ್ತದೆ ಎಂಬುದನ್ನಷ್ಟೇ ನೋಡಿ. ಹ್ಯಾಂಗರಿನ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಗಟ್ಟಿ ಟಾರ್ಚನ್ನು ಓರೆಯಾಗಿ ಹಿಡಿಯಿರಿ.

ನಿಮ್ಮ ಲೀಕ್ ಬಿಸಿಯಾದ ಮೇಲೆ ಮಾತ್ರ ತೆರೆಯುವಂಥದ್ದು. ತಣ್ಣನೆಯ ಇಂಜಿನ್ನಿನಲ್ಲಿ ಹೊಗೆ ಬಿಟ್ಟು ಏನೂ ಕಾಣದೆ "ಲೀಕ್ ಇಲ್ಲ" ಎಂದು ತೀರ್ಮಾನಿಸಿಬಿಟ್ಟೀರಿ. ಇಂಜಿನ್ ಪೂರ್ತಿ ಬಿಸಿಯಾಗುವ ತನಕ ಓಡಿಸಿ ನಿಲ್ಲಿಸಿ, ಪೆಟ್ರೋಲ್ ಕಾಕ್ ಮುಚ್ಚಿ, ಇಸಿಯು ಮತ್ತು ಕಾಯಿಲುಗಳ ಕರೆಂಟ್ ತೆಗೆದು, ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು ಕೌಲಿಂಗ್ (ಇಂಜಿನ್ನಿನ ಮೇಲಿನ ಕವಚ) ಬಿಚ್ಚಿ. ಎಕ್ಸಾಸ್ಟ್ ಪೈಪು ಕೈ ಇಡುವಷ್ಟು ಆರುವ ತನಕ ಕಾಯಿರಿ, ಎಣ್ಣೆ ಹೊಗೆಗೂ ಬೆಂಕಿ ಹತ್ತುತ್ತದೆ. ಪೈಪು ಬೇಗ ಆರುತ್ತದೆ, ಎರಕದ ಕಬ್ಬಿಣದ ಹೌಸಿಂಗ್ ಅದಕ್ಕಿಂತ ಬಹಳ ಹೊತ್ತು ಬಿಸಿ ಹಿಡಿದುಕೊಂಡಿರುತ್ತದೆ. ಆ ನಡುವಿನ ಹೊತ್ತೇ ನಿಮ್ಮ ಪರೀಕ್ಷೆಯ ಹೊತ್ತು. ಸ್ನೇಹಿತರೊಬ್ಬರ ಮ್ಯಾನಿಫೋಲ್ಡಿನಲ್ಲಿ ಎರಡು ಸಲ ತಣ್ಣಗೆ ನೋಡಿ ಏನೂ ಸಿಗದೆ, ಮೂರನೆಯ ಸಲ ಹೀಗೆ ಬಿಸಿಯಾಗಿ ನೋಡಿದಾಗ ವೆಲ್ಡಿನ ಬುಡದಲ್ಲಿ ಎರಡು ಸೆಂಟಿಮೀಟರ್ ಉದ್ದದ ಕೂದಲು ಬಿರುಕಿನಿಂದ ಹೊಗೆ ಊದುಬತ್ತಿಯಂತೆ ಎದ್ದಿತು.

ಎಲ್ಲಿ ನೋಡಬೇಕು? ನಾಲ್ಕು ಪೋರ್ಟುಗಳಲ್ಲಿ ಎರಡು ನಡುವಿನ ಹೌಸಿಂಗ್‌ನಲ್ಲಿವೆ, ಒಂದೊಂದು ರೋಟರಿಗೆ ಒಂದು. ಉಳಿದೆರಡು ಎರಡು ತುದಿಯ ಹೌಸಿಂಗ್‌ಗಳಲ್ಲಿವೆ. ಒಂದೇ ರೋಟರ್ ನರಳುತ್ತಿದೆ ಎಂದರೆ ನನ್ನ ಮೊದಲ ಅನುಮಾನ ಆ ರೋಟರಿನ ತುದಿಯ ಪೋರ್ಟಿನ ಮೇಲೆ, ಫ್ಲ್ಯಾಂಜಿನ (ಇಂಜಿನ್ನಿಗೆ ಬೋಲ್ಟ್ ಹಾಕಿ ಕೂರಿಸುವ ಚಪ್ಪಟೆ ತಟ್ಟೆಯ) ಆ ಕೊನೆಯ ಮೇಲೆ. ಕಾರಣ ಇದೆ. ನಿಮ್ಮ ಫ್ಲ್ಯಾಂಜ್ ಅಲ್ಯುಮಿನಿಯಂ. ಅದು ಕೂರುವ ಮೂರು ಹೌಸಿಂಗ್ ಎರಕದ ಕಬ್ಬಿಣ, ನಡುವೆ ಎರಡು ಅಲ್ಯುಮಿನಿಯಂ ರೋಟರ್ ಹೌಸಿಂಗ್. ಬಿಸಿಗೆ ಅಲ್ಯುಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹೀಗೆ ಎರಡೂ ಬೇರೆ ಬೇರೆಯಾಗಿ ಹಿಗ್ಗಿದಾಗ ಹೆಚ್ಚು ಸರಿಯುವುದು ತುದಿ. ಸಾಲದ್ದಕ್ಕೆ ವೆಲ್ಡಿಂಗಿನ ಬಿಸಿಗೆ ಫ್ಲ್ಯಾಂಜ್ ಬಾಳೆಲೆಯಂತೆ ಬಾಗಿರುತ್ತದೆ. ವೆಲ್ಡ್ ಆದ ಮೇಲೆ ಮಿಲ್ಲಿಂಗ್ ಮೆಷಿನ್ನಿನಲ್ಲಿ ಮುಖ ಮಟ್ಟ ಮಾಡಿಸಿದಿರಾ? ನಿಮ್ಮ ಪ್ರಶ್ನೆಯಲ್ಲಿ ಆ ಮಾತಿಲ್ಲ. ಇಲ್ಲವಾದರೆ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ. 0.05 ಮಿಲಿಮೀಟರ್ ಪಟ್ಟಿ ಎಲ್ಲೂ ಸಲೀಸಾಗಿ ಹೋಗಬಾರದು. ಇಂಜಿನ್ನಿನ ಮುಖವನ್ನೂ ಹಾಗೇ ನೋಡಿ, ಮೂರು ಹೌಸಿಂಗ್‌ಗಳ ಮುಖ ಒಂದೇ ಮಟ್ಟದಲ್ಲಿರದೆ ಮೆಟ್ಟಿಲಾಗಿರುವುದುಂಟು.

ಸಂದು ಸಿಕ್ಕರೆ ಸಿಲಿಕೋನ್ ಪೇಸ್ಟ್ ಮೆತ್ತಿ ಬಿಗಿಯಬೇಡಿ. ಮಾಮೂಲಿ ಸಿಲಿಕೋನ್ ಪೆಟ್ರೋಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ, ಒಂದು ದಿನ ತುಂಡಾಗಿ ಒಳಗೆ ಹೋಗುತ್ತದೆ. ಮುಖ ಮಟ್ಟ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ನಡುವಿನಿಂದ ತುದಿಗಳ ಕಡೆಗೆ ಹಂತ ಹಂತವಾಗಿ ಬಿಗಿಯಿರಿ, ಒಂದು ಸಲ ಬಿಸಿಯಾಗಿ ಆರಿದ ಮೇಲೆ ಮತ್ತೆ ಟಾರ್ಕ್ ನೋಡಿ. ಮ್ಯಾನಿಫೋಲ್ಡಿನ ಭಾರ ಹೊರುವ ಬ್ರಾಕೆಟ್ ಇದ್ದರೆ ಅದು ಇಂಜಿನ್ನಿಗೇ ಕಟ್ಟಿರಲಿ, ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಗೆ (ಫೈರ್‌ವಾಲ್‌ಗೆ) ಅಲ್ಲ. ಇಂಜಿನ್ ತನ್ನ ರಬ್ಬರ್ ಮೌಂಟುಗಳ ಮೇಲೆ ಅಲುಗುತ್ತಿದ್ದರೆ ಫೈರ್‌ವಾಲ್‌ಗೆ ಕಟ್ಟಿದ ಬ್ರಾಕೆಟ್ ಪ್ರತಿ ಹಾರಾಟದಲ್ಲೂ ವೆಲ್ಡನ್ನು ಎಳೆದೆಳೆದು ಬಿರಿಸುತ್ತದೆ.

ಎರಡನೆಯ ಅನುಮಾನ ಇಂಜೆಕ್ಟರುಗಳ ಕೆಳಗಿನ ರಬ್ಬರ್ ಸೀಲುಗಳು. ಹಳೆಯ ಕಾರಿನ ಇಂಜಿನ್ನಿನಿಂದ ಬಂದವನ್ನೇ ಮತ್ತೆ ಹಾಕಿದ್ದರೆ ಅವು ಉಗುರಿನಷ್ಟು ಗಟ್ಟಿಯಾಗಿರುತ್ತವೆ, ಎಕ್ಸಾಸ್ಟಿನ ಬಿಸಿ ಪಕ್ಕದಲ್ಲೇ ಇದೆಯಲ್ಲ. ಇವು ಬಲು ಅಗ್ಗ, ಕೇಳದೆ ಬದಲಾಯಿಸಿ. ಆಮೇಲೆ ಕಾರಿನಲ್ಲಿ ಯಾವುದೋ ಕೆಲಸಕ್ಕಿದ್ದು ವಿಮಾನದಲ್ಲಿ ಬೇಡವಾದ ನಿಪ್ಪಲ್ಲುಗಳು. ಅವುಗಳ ತಲೆಗೆ ಹಾಕಿದ ರಬ್ಬರ್ ಟೋಪಿಗಳನ್ನು ನಾನು ನಂಬುವುದಿಲ್ಲ, ಕೌಲಿಂಗ್ ಒಳಗಿನ ಬಿಸಿಗೆ ಅವು ಸೀಳುತ್ತವೆ. ಚೂಡಿ ಕೊರೆದು ಸ್ಕ್ರೂ ಬಿರಡೆ ಹಾಕಿ, ಅಥವಾ ಅಲ್ಯುಮಿನಿಯಂ ಪಟ್ಟಿ ಇಟ್ಟು ಮುಚ್ಚಿ. ಥ್ರಾಟಲ್ ಶಾಫ್ಟಿನ ಸವೆತವೂ ಗಾಳಿ ಎಳೆಯುತ್ತದೆ, ಆದರೆ ಅದು ಎರಡೂ ರೋಟರಿಗೆ ಸಮನಾಗಿ ತಾಗುವುದರಿಂದ ನಿಮ್ಮ ಪ್ರಕರಣಕ್ಕೆ ಹೊಂದದು.

ಹೊಗೆ ಪರೀಕ್ಷೆಗೂ ಸಿಗದೆ ತಪ್ಪಿಸಿಕೊಳ್ಳುವ ಒಂದು ಜಾಗವಿದೆ, ನೀವು ಆಯಿಲ್ ಪಂಪ್ ತೆಗೆದಿದ್ದೇನೆ ಎಂದದ್ದರಿಂದ ಹೇಳಲೇಬೇಕು. ಆ ಪಂಪಿನ ಕೆಲವು ನಾಝಲ್‌ಗಳು ರೋಟರ್ ಹೌಸಿಂಗಿನೊಳಕ್ಕೇ ಬಾಯಿ ತೆರೆಯುತ್ತವೆ. ಪೈಪ್ ಬಿಚ್ಚಿ ನಾಝಲನ್ನು ಹಾಗೇ ಬಿಟ್ಟಿದ್ದರೆ, ಅಥವಾ ಬಿರಡೆಯ ವಾಷರ್ ಹಳೆಯದಾಗಿದ್ದರೆ, ಗಾಳಿ ಮ್ಯಾನಿಫೋಲ್ಡನ್ನು ಮುಟ್ಟದೆ ನೇರವಾಗಿ ಆ ಒಂದು ರೋಟರಿನ ಕೋಣೆಗೆ ಹೋಗುತ್ತದೆ. ರೋಟರ್ ಆ ಹೊತ್ತಿಗೆ ಎಲ್ಲಿ ನಿಂತಿದೆ ಎಂಬುದರ ಮೇಲೆ ಹೊಗೆ ಅಲ್ಲಿಂದ ಬರಬಹುದು, ಬಾರದೆಯೂ ಇರಬಹುದು. ಎರಡೂ ರೋಟರಿನ ನಾಝಲ್ ತೂತುಗಳನ್ನು ಹೊಸ ತಾಮ್ರದ ವಾಷರ್ ಹಾಕಿ ಮುಚ್ಚಿಬಿಡಿ. ಹೊಗೆ ಬಿಡುವಾಗಲೂ ಪ್ರೊಪೆಲ್ಲರನ್ನು ಕೈಯಿಂದ ಸ್ವಲ್ಪ ಸ್ವಲ್ಪ ತಿರುಗಿಸಿ ಮೂರು ನಾಲ್ಕು ಕಡೆ ನಿಲ್ಲಿಸಿ ನೋಡಿ. ಕರೆಂಟ್ ತೆಗೆದಿದೆ ಎಂದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡೇ ಕೈ ಹಾಕಿ.

ಸರಿಮಾಡಿದ ಮೇಲೆ ಹಳೆಯ ಪೆಟ್ರೋಲ್ ಟೇಬಲ್ಲಿನಿಂದಲೇ ಶುರುಮಾಡಿ. ಬಿಸಿ ಇಂಜಿನ್ನಿನಲ್ಲಿ ಥ್ರಾಟಲ್ ಸ್ಕ್ರೂ ಬಿಚ್ಚಿದರೆ ಐಡಲ್ ಈಗ ಇಳಿಯಬೇಕು, ಪೂರ್ತಿ ಮುಚ್ಚಿದರೆ ಇಂಜಿನ್ ನಿಲ್ಲಬೇಕು. ಎರಡೂ ಇಜಿಟಿ ಹತ್ತಿರ ಬರಬೇಕು. ಆಕಾಶದ ಪರೀಕ್ಷೆಯನ್ನು ಲ್ಯಾಂಡಿಂಗ್ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಒಬ್ಬರೇ ಹೋಗಿ, ರನ್‌ವೇಯ ನೇರ ಮೇಲೆ ಇಂಜಿನ್ ಇಲ್ಲದೆಯೂ ಇಳಿದು ಸೇರಬಹುದಾದಷ್ಟು ಎತ್ತರದಲ್ಲಿ ಥ್ರಾಟಲ್ ಪೂರ್ತಿ ಎಳೆದು ಎರಡು ಮೂರು ನಿಮಿಷ ಹಾಗೇ ಇಳಿಯಿರಿ, ಆಮೇಲೆ ನಿಧಾನವಾಗಿ ಒತ್ತಿ. ಇಸಿಯು ಲಾಗ್ ಆನ್ ಇರಲಿ, 30 ಕಿಲೋಪಾಸ್ಕಲ್ ಸುತ್ತಲಿನ ಸಾಲುಗಳು ನನಗೆ ಬೇಕು.

ಹೊಗೆ ಎಲ್ಲೂ ಬಾರದಿದ್ದರೆ, ನಾಝಲ್‌ಗಳೂ ಗಟ್ಟಿಯಾಗಿದ್ದರೆ, ಉಳಿಯುವುದು ರೋಟರಿನ ಸೀಲುಗಳು. ಬಿಸಿ ಇಂಜಿನ್ನಿನಲ್ಲಿ ಕಂಪ್ರೆಷನ್ ನೋಡಿ. ಪಿಸ್ಟನ್ ಇಂಜಿನ್ನಿನ ಗೇಜ್ ರೋಟರಿನ ಮೂರು ಮುಖಗಳಲ್ಲಿ ಹೆಚ್ಚಿನದನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ, ಅದರ ಚೆಕ್ ವಾಲ್ವ್ ತೆಗೆದರೆ ಮುಳ್ಳು ಒಂದೊಂದು ಮುಖಕ್ಕೂ ಬೇರೆಯಾಗಿ ಕುಣಿಯುತ್ತದೆ. ಹಿಂದಿನ ರೋಟರಿನ ಮೂರು ಅಂಕಿ, ಮುಂದಿನದರ ಮೂರು ಅಂಕಿ, ಸ್ಟಾರ್ಟರ್ ತಿರುಗಿಸಿದಾಗಿನ ಆರ್‌ಪಿಎಂ, ಇಷ್ಟನ್ನು ಬರೆದು ಕಳಿಸಿ.